ಯಾವ ಕೈ

"ಇದು ಕಮಾನೋ, ಗಲ್ಲುಗಂಬವೋ? ಇದರ ಕೆಳಗೆ ಮದುವೆ ಹೆಣ್ಣು ನಿಲ್ಬೇಕಾ?" ಎಂದು ಪೇಂಟರ್ ಕೇಳಿದ್ದೇ ತಡ, ವೆಲ್ಡರನ ಕೈಯಲ್ಲಿದ್ದ ಸ್ಪ್ಯಾನರ್ ಗಾಳಿಯಲ್ಲಿ ಹಾರಿ ಬಂತು. ಪೇಂಟರ್ ತಲೆ ಬಗ್ಗಿಸಿದ. ಸ್ಪ್ಯಾನರ್ ಅವನ ಹಿಂದಿದ್ದ ವ್ಯಾನಿನ ಬಾಗಿಲಿಗೆ ಬಡಿದು, ಆಗಷ್ಟೇ ನುಣ್ಣಗಾಗಿದ್ದ ತಗಡಿನಲ್ಲಿ ಬೆರಳುದ್ದದ ತಗ್ಗು ಬಿತ್ತು. ಇಬ್ಬರೂ ಗಾಬರಿಯಿಂದ ಅದನ್ನು ಸವರಿ ನೋಡಿದರು, ಯಾಕೆಂದರೆ ಆ ಬಾಗಿಲನ್ನು ಗಾಡಿಗಳ ತಗಡು ನೆಟ್ಟಗೆ ಮಾಡುವ ಟಿಂಕರ್ ಅಣ್ಣ ಬೆಳಿಗ್ಗೆಯೆಲ್ಲ ಕೂತು ತಟ್ಟಿ ಸರಿಮಾಡಿದ್ದ. ಆಮೇಲೆ ಇಬ್ಬರೂ ಬಾಯಿಗೆ ಬಂದ ಹಾಗೆ ಒಬ್ಬರ ವಂಶವನ್ನು ಒಬ್ಬರು ಜಾಲಾಡಿ, ಕಮಾನಿನ ಆ ತುದಿ ಒಬ್ಬ ಈ ತುದಿ ಒಬ್ಬ ಹಿಡಿದು ಎತ್ತಿ ನಿಲ್ಲಿಸಿದರು.

ಮೇಲೆ ಅಟ್ಟದಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಪುಟ್ಟಿಯ ಭುಜಗಳು ಆ ಸದ್ದಿಗೆ ಕಿವಿಯವರೆಗೆ ಏರಿದ್ದವು. ಸೂಜಿ ಅಡ್ಡ ಹೋಗಿ ನಾಲ್ಕು ಹೊಲಿಗೆ ಕೆಟ್ಟವು. ಅವಳಿಗೆ ಮೂವತ್ತಾರು ವರ್ಷ. ಹೆಸರೇನೋ ಬೇರೆ ಇತ್ತು, ಆದರೆ ಆ ಶೆಡ್ಡಿನಲ್ಲಿ ಅವಳು ಟಿಂಕರ್ ಅಣ್ಣನ ತಂಗಿ, ಆದ್ದರಿಂದ ಎಲ್ಲರಿಗೂ ಪುಟ್ಟಿ. ದಿನವಿಡೀ ತಗಡು ಬಡಿಯುವ ಜಾಗದಲ್ಲಿ ಕೆಲಸ ಮಾಡುತ್ತ ಸದ್ದಿಗೆ ಬೆಚ್ಚುವುದೆಂದರೆ ಮೀನು ನೀರಿಗೆ ಹೆದರಿದ ಹಾಗೆ ಎಂದು ವೆಲ್ಡರ್ ತಮಾಷೆ ಮಾಡುತ್ತಿದ್ದ. ಒಂದೇ ಸಮನೆ ಬೀಳುವ ಪೆಟ್ಟು ಅವಳಿಗೆ ಏನೂ ಅಲ್ಲ. ಎಲ್ಲಿಂದಲೋ ಹಠಾತ್ತನೆ ಬೀಳುವ ಒಂದೇ ಒಂದು ಪೆಟ್ಟಿಗೆ ಮಾತ್ರ ಬಾಯಿ ಒಣಗುತ್ತಿತ್ತು.

"ಕೊಡಿ, ನಾನು ಬಿಚ್ಚಿ ಕೊಡ್ತೀನಿ. ನೀವು ನೀರು ಕುಡೀರಿ," ಎಂದ ಪಕ್ಕದಲ್ಲಿ ಕೂತಿದ್ದ ಸೀಟಿನವನು.

ವಾಹನಗಳ ಸೀಟು ಹೊಲಿಯುವುದು ಅವನ ಕಸುಬು. ಮೂರು ವರ್ಷದ ಹಿಂದೆ ಬಂದು ಅಟ್ಟದ ಇನ್ನೊಂದು ಮೂಲೆ ಹಿಡಿದಿದ್ದ; ನಾಳೆ ಅವನೇ ಮದುವೆ ಗಂಡು. ನೋಡಲು ಅಂಥ ಚೆಲುವನೇನಲ್ಲ. ಹೆಂಡತಿ ಸತ್ತು ಏಳು ವರ್ಷವಾಗಿತ್ತು, ಮುಂದಲೆ ಬೋಳಾಗಿತ್ತು, ಮಾತು ಕೇಳಬೇಕಾದರೆ ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕು. ಆದರೆ ಹುಟ್ಟಿದಾಗಿನಿಂದ "ಏ", "ಲೇ", "ನೀನು" ಎಂಬುದನ್ನೇ ಕೇಳಿದ್ದ ಪುಟ್ಟಿಗೆ ಮೊದಲ ದಿನವೇ ಅವನು "ಕತ್ತರಿ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದ್ದ. ಅವಳು ಹಿಂದೆ ತಿರುಗಿ ನೋಡಿದ್ದಳು, ಇನ್ಯಾರಾದರೂ ನಿಂತಿದ್ದಾರೇನೋ ಎಂದು. ಮೂರು ವರ್ಷದಲ್ಲಿ ಆ "ನೀವು" ಒಂದು ಸಲವೂ ಜಾರಿರಲಿಲ್ಲ. ಅವಳು ಅವನನ್ನು ಮದುವೆಯಾಗಲು ಒಪ್ಪಿಕೊಂಡದ್ದು ಅಷ್ಟಕ್ಕೇ ಎಂದರೂ ತಪ್ಪಿಲ್ಲ.

ಅಣ್ಣ ಮಾತ್ರ ಅಷ್ಟಕ್ಕೆಲ್ಲ ಒಪ್ಪುವವನಲ್ಲ. ತಗ್ಗಾದ ತಗಡನ್ನು ಸರಿಮಾಡಬೇಕಾದರೆ ಒಬ್ಬ ಹಿಂದಿನಿಂದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬ ಮುಂದಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ಪೆಟ್ಟು ಎಲ್ಲಿ ಬೀಳುತ್ತದೆಂದು ಹಿಡಿದವನಿಗೆ ಕಾಣುವುದಿಲ್ಲ. ಮದುವೆಯ ಮಾತು ಬಂದ ವಾರ ಅಣ್ಣ ಸೀಟಿನವನನ್ನು ಅಟ್ಟದಿಂದ ಇಳಿಸಿ, ಒಂದು ಇಡೀ ದಿನ ಗಟ್ಟಿ ಹಿಡಿಸಿದ. ಸಂಜೆಗೆ ಸೀಟಿನವನ ಮುಂಗೈ ಊದಿಕೊಂಡಿತ್ತು, ಆದರೆ ಒಮ್ಮೆಯೂ ಕೈ ಹಿಂದೆಗೆಯಲಿಲ್ಲ. "ಪರವಾಗಿಲ್ಲ, ಗಂಡಸೇ," ಎಂದು ಅಣ್ಣ ಒಪ್ಪಿಗೆ ಕೊಟ್ಟ.

ಮದುವೆಗೆ ಛತ್ರ ಬೇಡ, ಓಲಗ ಬೇಡ, ನೆಂಟರಿಷ್ಟರ ಸಂತೆ ಬೇಡ ಎಂದವಳು ಪುಟ್ಟಿಯೇ. ಬೆಳಿಗ್ಗೆ ಕಚೇರಿಗೆ ಹೋಗಿ ಸಹಿ ಹಾಕುವುದು, ಬಂದು ಶೆಡ್ಡಿನಲ್ಲಿ ಎಲ್ಲರೂ ಕೂತು ಊಟ ಮಾಡುವುದು. "ಅಷ್ಟೇನಾ?" ಎಂದು ಅಣ್ಣನ ಗೆಳೆಯರು ಮುಖ ಸಿಂಡರಿಸಿದರು. ಹಾಗೆಂದವರೇ ಮಾರನೆಯ ದಿನದಿಂದ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದರು. ಶಟರಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಪಟ್ಟಿ ಬಿತ್ತು. ಎಣ್ಣೆ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು ಬಣ್ಣ ಬಳಿದು ಕುರ್ಚಿ ಮಾಡುವುದು ಪೇಂಟರನ ಪಾಲಿಗೆ. ಅದಕ್ಕೆ ಮೆತ್ತೆ ಸೀಟಿನವನದು. ಕಮಾನು ಮತ್ತು ಒಲೆ ವೆಲ್ಡರನದು. ಅಡುಗೆ, ಪಕ್ಕದ ಟೀ ಅಂಗಡಿಯ ಅಕ್ಕನದು. ಸಾಗಾಟ ಟೆಂಪೋದವನದು. ಕೊನೆಯಲ್ಲಿ "ಅಣ್ಣ" ಎಂದು ಬರೆದು ಅದರ ಮುಂದೆ "ಆಮೇಲೆ ಹೇಳ್ತೀನಿ" ಎಂದು ಅಣ್ಣನೇ ಗೀಚಿದ್ದ.

ಆ "ಆಮೇಲೆ" ಒಂದು ತಿಂಗಳಿನಿಂದ ಶೆಡ್ಡಿನಲ್ಲಿ ಎಲ್ಲರಿಗೂ ತಮಾಷೆಯಾಗಿತ್ತು. ಅಣ್ಣ ಮತ್ತು ಟೆಂಪೋದವನು ಮೂಲೆಯಲ್ಲಿ ಪಿಸುಪಿಸು ಮಾತಾಡುವುದು, ಪುಟ್ಟಿ ಬಂದರೆ ಗಪ್‌ಚಿಪ್ ಆಗುವುದು. ಹೊಸ ಹೊಲಿಗೆ ಮೆಷಿನ್ ಇರಬೇಕು ಎಂದು ಪುಟ್ಟಿ ಅಂದುಕೊಂಡಿದ್ದಳು. ಅಣ್ಣನಿಗೆ ಅವಳಿಗಿಂತ ಹನ್ನೆರಡು ವರ್ಷ ಹೆಚ್ಚು, ಅಪ್ಪ ಸತ್ತ ಮೇಲೆ ಸಾಕಿದವನು. ಅವನ ಮುಖದಲ್ಲಿ ಅಂಥ ಹುಮ್ಮಸ್ಸನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಅದನ್ನು ಕಂಡು ಅವಳಿಗೂ ಖುಷಿಯಾಗುತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಕೆಳಗೆ ಟೀ ಅಕ್ಕ ಈರುಳ್ಳಿ ಹೆಚ್ಚುತ್ತ ಕೂತಿದ್ದಳು. "ಹುಚ್ಚು ಮುಂಡೆ ಮದುವೇಲಿ ಉಂಡೋನೇ ಜಾಣ," ಎಂದು ಪೇಂಟರ್ ಹೆಚ್ಚಿದ ಈರುಳ್ಳಿಗೆ ಕೈ ಹಾಕಿದ. ಅಕ್ಕ ಸೌಟಿನಲ್ಲಿ ಅವನ ಗೆಣ್ಣಿಗೆ ಬಿಟ್ಟಳು. "ಮುಂಡೆ ಯಾರೋ? ನಿನ್ನ ನಾಲಿಗೆಗೆ ಹುಳ ಬೀಳ!" ಅಷ್ಟರಲ್ಲಿ ಟೆಂಪೋ ಹಿಮ್ಮುಖವಾಗಿ ಶೆಡ್ಡಿನೊಳಕ್ಕೆ ಬಂತು. ಅಣ್ಣ ಮುಂದಿನ ಸೀಟಿನಿಂದ ಹಾರಿ ಇಳಿದ. ಅಂಗಿಯ ತೋಳು ಹರಿದಿತ್ತು, ಮುಖದ ತುಂಬ ಬೆವರು, ಬಾಯಿ ಕಿವಿಯವರೆಗೆ ಅಗಲಿಸಿತ್ತು.

"ಶಟರ್ ಎಳೀರೋ," ಎಂದು ಕೂಗಿದ. ಆಮೇಲೆ ಅಟ್ಟದ ಕಡೆ ತಿರುಗಿ, "ಪುಟ್ಟೀ! ಇಳಿದು ಬಾ. ಕಣ್ಣು ಮುಚ್ಕೊಂಡೇ ಬರಬೇಕು. ಕದ್ದು ನೋಡಿದ್ರೆ ನನ್ನಾಣೆ!"

ಪುಟ್ಟಿ ನಗುತ್ತ ಎದ್ದಳು. ಮೆಟ್ಟಿಲ ತುದಿಯಲ್ಲಿ ಕಣ್ಣು ಮುಚ್ಚಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಲ್ಲಿ ಅಣ್ಣ ಅವಳ ಭುಜ ಹಿಡಿದು ನಡೆಸಿಕೊಂಡು ಹೋದ. ಶಟರ್ ಎಳೆದುಕೊಂಡ ಸದ್ದಾಯಿತು. ಯಾರೋ ಏದುಸಿರು ಬಿಡುತ್ತಿದ್ದರು. ಉಚ್ಚೆಯ ವಾಸನೆ ಮೂಗಿಗೆ ಬಂತು.

"ಈಗ ನೋಡು," ಎಂದ ಅಣ್ಣ.

ತಗಡನ್ನು ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿಯ ಪಕ್ಕ, ಲಾರಿಗೆ ಸಾಮಾನು ಕಟ್ಟುವ ಪಟ್ಟಿಯಲ್ಲಿ ಕೈ ಕಟ್ಟಿಸಿಕೊಂಡು ಒಬ್ಬ ಮಂಡಿಯೂರಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೆಳತುಟಿ ಸೀಳಿ ಗಲ್ಲದ ಮೇಲೆ ಇಳಿಬಿದ್ದಿತ್ತು. ಪ್ಯಾಂಟಿನ ಮುಂಭಾಗ ಒದ್ದೆಯಾಗಿತ್ತು. ಪುಟ್ಟಿಗೆ ಮೊದಲು ಗುರುತು ಸಿಕ್ಕಿದ್ದು ಮುಖವಲ್ಲ, ಎಡಗಿವಿಯ ಹಿಂದಿನ ಮಚ್ಚೆ. ಎಂಟು ವರ್ಷ ಅವಳು ಪಕ್ಕದಲ್ಲಿ ಮಲಗಿ ನೋಡಿದ ಮಚ್ಚೆ ಅದು. ವಿಚ್ಛೇದನವಾಗಿ ದೂರಾಗಿದ್ದ ಅವಳ ಮೊದಲಿನ ಗಂಡ.

"ಮೂರು ವಾರ ಹುಡುಕಿದೀವಿ ಈ ನಾಯೀನ," ಎಂದ ಅಣ್ಣ. "ಎಲ್ಲೋ ಗೋದಾಮಿನಲ್ಲಿ ಕಾವಲಿಗೆ ಸೇರ್ಕೊಂಡಿದ್ದ. ಟೀ ಕುಡಿಯೋಕೆ ಹೊರಗೆ ಬಂದ, ಎತ್ತಾಕ್ಕೊಂಡು ಬಂದ್ವಿ. ದಾರೀಲಿ ಸ್ವಲ್ಪ ತಟ್ಟಿದೀನಿ, ಮಿಕ್ಕಿದ್ದು ನಿನ್ನ ಕಣ್ಣೆದುರಿಗೇ ಆಗ್ಲಿ ಅಂತ ಉಳಿಸ್ಕೊಂಡೆ. ಇದೇ ಕಣೆ ನನ್ನ ಉಡುಗೊರೆ!"

"ಎತ್ತಿ ಗಾಡಿಗೆ ಹಾಕಿದ್ದು ನಾನು. ಅರ್ಧ ನಂದೂ ಹೌದು," ಎಂದ ಟೆಂಪೋದವನು.

ಟೀ ಅಕ್ಕ ಚಾಕು ಬಿಟ್ಟು ಎದ್ದಳು. "ಏನ್ರೋ ಇದು, ನಾಳೆ ಮದುವೆ ಇಟ್ಕೊಂಡು! ಬಿಡ್ರೋ ಅವನನ್ನ!"

"ಅಕ್ಕ, ನೀನು ಸುಮ್ನಿರು. ಹೆಂಗಸರ ವಿಷಯ ಅಲ್ಲ ಇದು," ಎಂದ ವೆಲ್ಡರ್. ಹೇಳುತ್ತಲೇ ಗೋಡೆಯಿಂದ ಒಂದು ಸುತ್ತಿಗೆ ತೆಗೆದುಕೊಂಡ. ಯಾರ ವಿಷಯವೋ ಅವಳು ಅಲ್ಲೇ ನಿಂತಿದ್ದಾಳೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

"ಭಾವ, ತಪ್ಪಾಯ್ತು ಭಾವ," ಎಂದು ಕಟ್ಟಿಸಿಕೊಂಡವನು ಗೊಣಗಿದ. "ಬೇಕಂತ ಮಾಡಿದ್ದಲ್ಲ ನಾನು. ಆವತ್ತು ಗಾಳಿಗೆ ಬಾಗಿಲು ತಾನೇ ಹಾಕ್ಕೊಂಡ್ಬಿಡ್ತು..."

ಅಣ್ಣ ಅವನ ಬಾಯಿಗೆ ಮೊಣಕಾಲಿನಿಂದ ಕೊಟ್ಟ. ಹಲ್ಲೊಂದು ಸಿಮೆಂಟಿನ ಮೇಲೆ ಬಿದ್ದು ಉರುಳಿತು. ಪೇಂಟರ್ ಅದನ್ನು ಚಪ್ಪಲಿಯಿಂದ ಒದ್ದು ಮೂಲೆಗೆ ಕಳಿಸಿ ನಕ್ಕ. ವೆಲ್ಡರ್ ಬೆನ್ನಿಗೊಂದು ಒದ್ದ. ಟೆಂಪೋದವನು ತನ್ನ ಪಾಲಿನದು ಬಾಕಿ ಇರಬಾರದೆಂಬಂತೆ ಪಕ್ಕೆಗೊಂದು ಒದ್ದ. ಒಳಗೆ ಏನೋ ಲಟಕ್ ಎಂದಿತು. ಮನುಷ್ಯ ಕೂಗಲಿಲ್ಲ, ಸೀದುಹೋದ ಇಂಜಿನ್ನಿನ ಹಾಗೆ ಒಂದು ಕೆಟ್ಟ ಉಸಿರು ಎಳೆದುಕೊಂಡ. ಅವರಾರೂ ಕೆಟ್ಟ ಜನರಲ್ಲ. ಮೂರು ದಿನದಿಂದ ಊಟ ನಿದ್ದೆ ಬಿಟ್ಟು ಅವಳ ಮದುವೆಗೆಂದು ದುಡಿದವರು, ಈಗಲೂ ಅದೇ ಹುರುಪಿನಲ್ಲಿ ಅವಳಿಗಾಗಿಯೇ ಒದೆಯುತ್ತಿದ್ದರು.

ಪುಟ್ಟಿಗೆ ಅವನ ಮೇಲೆ ಅಯ್ಯೋ ಅನ್ನಿಸಲಿಲ್ಲ. ಎಷ್ಟೋ ಸಲ ಅವಳು ಒಬ್ಬಳೇ ಗೋಡೆ ನೋಡುತ್ತ ಮಲಗಿ, ಇವನು ಹೀಗೇ ಬಿದ್ದಿರಲಿ ಎಂದು ಬೇಡಿಕೊಂಡಿದ್ದಳು. ಈಗ ಬಿದ್ದಿದ್ದ. ಆದರೆ ಅವಳಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಮುಚ್ಚಿದ ಶಟರಿನೊಳಗೆ ಇಷ್ಟೊಂದು ಕೈಕಾಲುಗಳು ಎತ್ತಿ ಬೀಳುತ್ತಿರುವಾಗ ಯಾವುದು ಯಾರ ಕಡೆ ತಿರುಗುತ್ತದೆ ಎಂದು ಹೇಳಲಾಗದು ಎಂಬುದು ಅವಳ ಮೈಗೆ ಗೊತ್ತಿತ್ತು.

"ಯಾವ ಕೈ ಪುಟ್ಟಿ?" ಎಂದ ಅಣ್ಣ. ಕಟ್ಟು ಬಿಚ್ಚಿ, ಅವನ ಎರಡೂ ಕೈಗಳನ್ನು ಎಳೆದು ದಿಮ್ಮಿಯ ಮೇಲೆ ಇಟ್ಟಿದ್ದ. ವೆಲ್ಡರ್ ಒಂದು ಮುಂಗೈಯನ್ನು, ಪೇಂಟರ್ ಇನ್ನೊಂದನ್ನು ಒತ್ತಿ ಹಿಡಿದಿದ್ದರು. "ಬಾಗಿಲ ಸಂದೀಲಿ ನಿನ್ನ ಕೈ ಇಟ್ಟು ಬಾಗಿಲು ಹಾಕಿದ್ನಲ್ಲ, ಯಾವ ಕೈಯಲ್ಲಿ ಹಾಕಿದ? ಹೇಳು, ಅದನ್ನ ಪುಡಿ ಮಾಡ್ತೀನಿ."

ಪುಟ್ಟಿ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ಅಷ್ಟರಲ್ಲಿ ಸೀಟಿನವನು ಮೆಟ್ಟಿಲಿಳಿದು ಬಂದ. "ಬಂದ ನೋಡ್ರಪ್ಪ ಮದುವೆ ಗಂಡು!" ಎಂದು ಟೆಂಪೋದವನು ಸಿಳ್ಳೆ ಹಾಕಿದ. "ಮೊದಲ ಪೆಟ್ಟು ಇವನದೇ ಆಗ್ಬೇಕು. ಹೆಂಡ್ತಿ ಮಾನ ಕಾಯೋನು ಇವನು ತಾನೆ?" ವೆಲ್ಡರ್ ಇನ್ನೊಂದು ಕೈಯಲ್ಲಿದ್ದ ಸುತ್ತಿಗೆಯನ್ನು ಅವನತ್ತ ಚಾಚಿದ.

"ನನಗೆ ಬೇಡ," ಎಂದ ಸೀಟಿನವನು. "ಬಿಟ್ಬಿಡಿ ಅಣ್ಣ. ಸತ್ತುಗಿತ್ತು ಹೋದಾನು."

"ಸೂಜಿ ಬಿಟ್ರೆ ಇನ್ನೇನೂ ಎತ್ತೋಕೆ ಬರಲ್ವೇನೋ?" ಎಂದ ಪೇಂಟರ್. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. "ನನ್ನ ತಂಗೀನ ನಿನ್ನ ಕೈಗೆ ಕೊಡ್ತಿದೀನಿ," ಎಂದ. "ಇಷ್ಟೂ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು."

ಸೀಟಿನವನು ಸುತ್ತಿಗೆ ತೆಗೆದುಕೊಂಡ. ಸುಮ್ಮನೆ ಜೋತುಬಿಟ್ಟು ಹಿಡಿದಿದ್ದ, ಬೇರೆ ಯಾರದೋ ಸಾಮಾನನ್ನು ಹಿಡಿದುಕೊಂಡು ನಿಂತವನ ಹಾಗೆ. ಆಗ ದಿಮ್ಮಿಯ ಮೇಲೆ ಬಾಗಿದ್ದವನು ಒಂದೇ ಕಣ್ಣಿನಿಂದ ಅವನನ್ನು ನೋಡಿದ. ಹಲ್ಲಿಲ್ಲದ ಸಂದಿನಿಂದ ಮಾತು ಬುಸುಬುಸು ಬಂತು. "ಓಹೋ, ನೀನಾ? ನಿನಗೂ ಗೊತ್ತಾಗುತ್ತೆ ಬಿಡು. ಎರಡು ಬಿಟ್ರೇನೇ ಅವಳು ದಾರಿಗೆ ಬರೋದು. ಹಾಸಿಗೇಲೂ ಅಷ್ಟೇ..."

ಸೀಟಿನವನ ಕಿವಿ ಕೆಂಪಾಯಿತು. ಸುತ್ತಿಗೆಯ ಹಿಡಿಯ ಮೇಲೆ ಅವನ ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು. ಮೊಣಕೈ ಹಿಂದಕ್ಕೆ ಹೋಯಿತು, ಭುಜ ಮೇಲೆದ್ದಿತು. ಪುಟ್ಟಿ ಆ ಭುಜವನ್ನು ನೋಡಿದಳು. ಎತ್ತಿದ ಕೈ ಬೀಳುವ ಮುಂಚೆ ಒಂದು ಗಳಿಗೆ ಎಲ್ಲ ಗಂಡಸರ ಭುಜವೂ ಒಂದೇ ತರಹ ಇರುತ್ತದೆ. ಇವನೂ ಹೋದ, ಇನ್ನು ನನಗೆ ಯಾರೂ ಉಳಿಯಲಿಲ್ಲ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದೇ ಕೂಗಿದಳು.

"ಯಾವ ಕೈ ಅಂತ ಕೇಳಿದೆಯಲ್ಲ ಅಣ್ಣ, ಹೇಳ್ತೀನಿ ತಡಿ!"

ಅವಳ ದನಿ ಅಷ್ಟು ಜೋರಾಗಿ ಬಂದದ್ದು ಆ ಶೆಡ್ಡಿನಲ್ಲಿ ಎಷ್ಟೋ ವರ್ಷದ ಮೇಲೆ ಅದೇ ಮೊದಲು. ಸೀಟಿನವನ ಕೈ ಮೇಲೆಯೇ ನಿಂತಿತು.

"ಆರು ವರ್ಷದ ಹಿಂದೆ ಮಣಿಕಟ್ಟು ಮುರಿದುಕೊಂಡು ನಾನು ಇಲ್ಲಿಗೇ ಬಂದಿದ್ದೆ. ಇದೇ ಶೆಡ್ಡು. ಅವನೂ ಹಿಂದೇನೇ ಬಂದ. ನೀವೆಲ್ಲ ಸೇರಿ ಪಂಚಾಯ್ತಿ ಮಾಡಿದ್ರಿ. ಅವನಿಗೆ ಕೂರೋಕೆ ಕುರ್ಚಿ ಕೊಟ್ರಿ, ಟೀ ತರಿಸಿಕೊಟ್ರಿ. ನಾನು ಅಲ್ಲಿ, ಆ ಟೈರ್ ಹತ್ರ ನಿಂತಿದ್ದೆ. ಪೇಂಟರಣ್ಣ, ನೀನು ಏನಂದೆ ನೆನಪಿದೆಯಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದೆ. ವೆಲ್ಡರಣ್ಣ, ಹೊಂದಿಕೊಂಡು ಹೋಗ್ಬೇಕಮ್ಮ, ಹೆಣ್ಣು ಜನ್ಮ ಅಂದೆ. ಅವನು ಇನ್ಮೇಲೆ ಮಾಡಲ್ಲ ಅಂದ, ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ನಾನು ಹೋಗಲ್ಲ ಅಂದೆ. ಆಗ ನೀನು ಎದ್ದು ಬಂದೆ ಅಣ್ಣ. ಊದಿಕೊಂಡ ಇದೇ ಕೈಯನ್ನ ಹಿಡಿದು ಎಳ್ಕೊಂಡು ಹೋಗಿ ಟೆಂಪೋ ಹತ್ತಿಸಿದೆ. ನಾನು ಅಮ್ಮಾ ಅಂತ ಕಿರುಚಿದೆ. ನೀನು ಬಿಡಲಿಲ್ಲ. ಈ ಟೆಂಪೋನೇ ಬಿಟ್ಟು ಬಂತು ನನ್ನನ್ನ."

ಟೆಂಪೋದವನು ತನ್ನ ಗಾಡಿಯ ಕಡೆ ನೋಡಿದ.

"ಅದಾದ ಮೇಲೆ ಒಂದು ವರ್ಷ ನಾಲ್ಕು ತಿಂಗಳು ಇದ್ದೆ ಅವನ ಜೊತೆ. ಏನೇನಾಯ್ತು ಅಂತ ಒಬ್ಬರಾದ್ರೂ ಕೇಳಿದ್ರಾ?" ಅವಳು ಬೆರಳೆತ್ತಿ ಅಣ್ಣನ ಕೈಯನ್ನು ತೋರಿಸಿದಳು. "ನಿನ್ನ ಬಲಗೈ. ಪುಡಿ ಮಾಡ್ಬೇಕಾಗಿದ್ದು ಅದನ್ನ."

ಅಣ್ಣನ ಮುಖದ ಹುಮ್ಮಸ್ಸು ಇಳಿಯಿತು. ಅದರ ಜಾಗಕ್ಕೆ ರಕ್ತ ನುಗ್ಗಿತು. "ಏನಂದೆ?" ಎಂದು ಅವಳ ಮೇಲೆ ನುಗ್ಗಿ ಬಂದ. "ಸಾಕಿದ ಕೈಗೆ ಹಿಂಗಂತೀಯಾ? ತಿಂಗಳಿಂದ ನಿದ್ದೆಗೆಟ್ಟು..." ಬಲಗೈ ಎತ್ತಿಯೇ ಬಿಟ್ಟಿದ್ದ. ಪುಟ್ಟಿಯ ಭುಜಗಳು ತಾವಾಗಿ ಕಿವಿಗೇರಿದವು, ಆದರೆ ಅವಳು ಕಣ್ಣು ಮುಚ್ಚಲಿಲ್ಲ. ನೆಟ್ಟಗೆ ಅವನನ್ನೇ ನೋಡುತ್ತ ನಿಂತಳು.

ಅಣ್ಣ ತನ್ನ ಎತ್ತಿದ ಕೈಯನ್ನು ತಾನೇ ನೋಡಿಕೊಂಡ. ಎರಡು ಹೆಜ್ಜೆ ಹಿಂದೆ ಸರಿದ. ಸರ್ರನೆ ತಿರುಗಿ, ಸೀಟಿನವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಮೊದಲಿನ ಗಂಡನನ್ನು ಕಾಲಿನಿಂದ ಆಚೆ ತಳ್ಳಿ, ತನ್ನ ಬಲಗೈಯನ್ನು ದಿಮ್ಮಿಯ ಮೇಲೆ ಹರವಿದ. ಎಡಗೈಗೆ ಅಭ್ಯಾಸವಿಲ್ಲ. ಮೊದಲ ಪೆಟ್ಟು ಜಾರಿ ಹೆಬ್ಬೆರಳಿನ ಉಗುರನ್ನು ಸೀಳಿತು. ಎರಡನೆಯದು ನೆಟ್ಟಗೆ ಬಿತ್ತು.

"ಸಾಕಾ?" ಎಂದು ಕಿರುಚಿದ. ಮೂರನೆಯದಕ್ಕೆ ಬೆರಳುಗಳು ಬೆರಳಿನ ಆಕಾರದಲ್ಲಿ ಉಳಿಯಲಿಲ್ಲ. "ಸಾಕೇನೆ? ಸಾಕಾ?"

ವೆಲ್ಡರ್ ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ಪೇಂಟರ್ ಸುತ್ತಿಗೆ ಕಿತ್ತುಕೊಂಡು ಎಸೆದ. ಅಣ್ಣ ಕುಸಿದು ಕೂತು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಎಳೆಮಗುವಿನ ಹಾಗೆ ಅಳತೊಡಗಿದ. ಪುಟ್ಟಿಯ ಕಾಲುಗಳು ಎರಡು ಹೆಜ್ಜೆ ಅವನತ್ತ ಹೋದವು. ಬಟ್ಟೆ ಹರಿದು ಕಟ್ಟಬೇಕು, ಕೈ ಎತ್ತಿ ಹಿಡಿಯಬೇಕು, ನೀರು ಕುಡಿಸಬೇಕು ಎಂದು ಎಲ್ಲ ಅವಳಿಗೆ ಗೊತ್ತಿತ್ತು. ಆದರೆ ಸಿಟ್ಟು ಅವಳನ್ನು ಅಲ್ಲೇ ನಿಲ್ಲಿಸಿತು. ತಪ್ಪಾಯ್ತು ಎಂಬ ಒಂದೇ ಮಾತಿಗಾಗಿ ಅವಳು ಆರು ವರ್ಷ ಕಾದಿದ್ದಳು. ಅವನು ಕೊಟ್ಟದ್ದು ನೋಡಿದರೆ ಇನ್ನೊಂದು ಮುರಿದ ಕೈ. ಅದಕ್ಕೂ ಅವಳೇ ಪಟ್ಟಿ ಕಟ್ಟಬೇಕು, ಅದಕ್ಕೂ ಅವಳೇ ಸಮಾಧಾನ ಹೇಳಬೇಕು. ಅವಳು ಹೇಳಲಿಲ್ಲ. ಟೀ ಅಕ್ಕ ತನ್ನ ಸೆರಗು ಹರಿದು ಅಣ್ಣನ ಕೈಗೆ ಸುತ್ತಿದಳು.

ಇದ್ದದ್ದು ಒಂದೇ ಗಾಡಿ. ಆಸ್ಪತ್ರೆಗೆ ಇಬ್ಬರನ್ನೂ ಅದರಲ್ಲೇ ಒಯ್ಯಬೇಕಾಯಿತು. ನಾಳಿನ ಊಟದ ಪಾತ್ರೆಗಳನ್ನು ಒಂದು ಕಡೆ ತಳ್ಳಿ, ಟೆಂಪೋದ ಹಿಂಭಾಗದಲ್ಲಿ ಭಾವ ಮೈದುನರನ್ನು ಎದುರುಬದುರು ಕೂರಿಸಿದರು. ಒಬ್ಬ ಪಕ್ಕೆ ಹಿಡಿದುಕೊಂಡಿದ್ದ, ಇನ್ನೊಬ್ಬ ಕೈ. ಗಾಡಿ ಹೊರಟಾಗ ಆಯ ತಪ್ಪಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

ಶೆಡ್ಡಿನಲ್ಲಿ ಉಳಿದವರು ಪುಟ್ಟಿ ಮತ್ತು ಸೀಟಿನವನು. ಅವನು ಬಕೆಟ್ಟಿನಲ್ಲಿ ನೀರು ತಂದು ನೆಲ ತೊಳೆಯತೊಡಗಿದ. ಅವಳು ಒಂದು ಡ್ರಮ್ಮಿನ ಕುರ್ಚಿಯ ಮೇಲೆ ಕೂತಳು. ಬಟ್ಟೆಗೆ ಹಸಿ ಬಣ್ಣ ಮೆತ್ತಿಕೊಳ್ಳುತ್ತಿದೆ ಎಂದು ಗೊತ್ತಾದರೂ ಏಳಲಿಲ್ಲ. ನೀರು ಕೆಂಪಾಗಿ, ಆಮೇಲೆ ತಿಳಿಯಾಗಿ, ಮೋರಿಗೆ ಹೋಗುವವರೆಗೆ ನೋಡಿದಳು.

"ಒಂದು ಮಾತು ಕೇಳ್ತೀನಿ," ಎಂದಳು. "ನಾನು ಆಗ ಬಾಯಿ ಬಿಡದೇ ಇದ್ದಿದ್ರೆ, ನೀವು ಹೊಡೀತಿದ್ರಾ?"

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಇಲ್ಲ ಅಂದರೆ ತಾನು ನಂಬುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ಹೊಡೀತಿದ್ದೆ," ಎಂದ ಅವನು.

ಪುಟ್ಟಿ ತಲೆ ತಗ್ಗಿಸಿದಳು.

"ನಿಮಗೋಸ್ಕರ ಅಂತಾನೂ ಅಲ್ಲ," ಎಂದ. "ಅವನು ಹಂಗಂದ, ಇವರೆಲ್ಲ ನಗ್ತಾ ಇದ್ರು. ಕೈ ತಾನೇ ಎದ್ದುಬಿಡ್ತು. ನನಗೇ ಹೆದರಿಕೆ ಆಗ್ತಿದೆ ಈಗ. ನಾಳೆ ಬೇಡ ಅಂದ್ರೆ ಬೇಡ. ನೀವು ಬೇಡ ಅಂದ್ರಿ ಅಂತ ನಾನು ಯಾರ ಹತ್ರಾನೂ ಹೇಳಲ್ಲ, ನಾನೇ ಬೇಡ ಅಂದೆ ಅಂತೀನಿ."

ಅವಳು ಎದ್ದು ಹೋಗಿ ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದಳು. ಹೊರಗೆ ಇನ್ನೂ ಬಿಸಿಲಿತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. "ಊಟ ಇಲ್ಲಿ ಬೇಡ," ಎಂದಳು ಕೊನೆಗೆ. "ಅಕ್ಕನ ಅಂಗಡಿ ಮುಂದೆ, ಬೀದೀಲಿ ಆಗ್ಲಿ." ಅಷ್ಟು ಹೇಳಿ ಶೆಡ್ಡಿನ ಹಿಂದಿದ್ದ ತನ್ನ ಕೋಣೆಗೆ ಹೋದಳು. ಅದು ಹೌದೋ ಅಲ್ಲವೋ ಎಂದು ಸೀಟಿನವನು ಅಲ್ಲೇ ನಿಂತು ಯೋಚಿಸಿದ. ಆಮೇಲೆ ಒಂದೊಂದೇ ಡ್ರಮ್ಮನ್ನು ಹೊತ್ತು ಬೀದಿಗೆ ತಂದಿಟ್ಟ. ಮೂರನೆಯದನ್ನು ಹೊರುವಾಗ ಆಸ್ಪತ್ರೆಯಿಂದ ವಾಪಸ್ ಬಂದ ಪೇಂಟರ್ ಇನ್ನೊಂದು ಕಡೆ ಕೈ ಕೊಟ್ಟ. ವೆಲ್ಡರ್ ಒಲೆ ಹೊತ್ತ. ಆ ಸಂಜೆ ಯಾರೂ ಯಾರನ್ನೂ ಬೈಯಲಿಲ್ಲ.

ಮರುದಿನ ಹತ್ತು ಗಂಟೆಗೆ ನೋಂದಣಿ ಕಚೇರಿಯಲ್ಲಿ ಅವರ ಕಡೆಯವರು ಐದೇ ಜನ. ಅಣ್ಣನ ಗೆಳೆಯರಾರೂ ಸಾಕ್ಷಿಗೆ ಬೇಡ ಎಂದು ಪುಟ್ಟಿ ಹೇಳಿದ್ದಳು. ಟೀ ಅಕ್ಕ ಮತ್ತು ಅವಳ ನೆರೆಮನೆಯವಳು ಇಬ್ಬರು. ಮೂರನೆಯವನು, ಅಕ್ಕನ ಅಂಗಡಿಗೆ ಹಾಲು ಹಾಕುವವನು. ಹೊಸ ಅಂಗಿ ಇಲ್ಲವೆಂದು ಕೊಸರಾಡುತ್ತಿದ್ದವನನ್ನು ಸೈಕಲ್ ಸಮೇತ ಅಕ್ಕ ಎಳೆದು ತಂದಿದ್ದಳು. ಗುಮಾಸ್ತೆ ದೊಡ್ಡ ಪುಸ್ತಕ ತಿರುಗಿಸಿ ಇಟ್ಟು, ಎಲ್ಲಿ ಸಹಿ ಹಾಕಬೇಕೆಂದು ಪೆನ್ಸಿಲಿನಿಂದ ಗುರುತು ಮಾಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ. ಮೊಣಕೈವರೆಗೆ ಬಿಳಿ ಪಟ್ಟಿ, ಕೈ ಕತ್ತಿನಿಂದ ಜೋತುಬಿದ್ದಿತ್ತು. ಮದುವೆಗೆಂದು ಹೊಲಿಸಿದ್ದ ಅಂಗಿಯ ಒಂದು ತೋಳು ಖಾಲಿ ಇತ್ತು. ಒಂದೇ ದಿನದಲ್ಲಿ ಮುಖ ಇಳಿದುಹೋಗಿತ್ತು. ಎಡಗೈ ಮುಂದೆ ಚಾಚಿಕೊಂಡು ಮೇಜಿನ ಕಡೆ ಬಂದ.

"ಇವರೂ ಸಾಕ್ಷೀನಾ?" ಎಂದಳು ಗುಮಾಸ್ತೆ.

"ಅಲ್ಲ," ಎಂದಳು ಪುಟ್ಟಿ. "ನಮ್ಮಣ್ಣ."

"ಹಾಗಾದ್ರೆ ಅಲ್ಲಿ ಕೂತ್ಕೊಳ್ಳಿ ಸರ್."

ಗೋಡೆಯ ಪಕ್ಕದ ಬೆಂಚಿನಲ್ಲಿ ಯಾವುದೋ ಕಾಗದಕ್ಕಾಗಿ ಕಾಯುತ್ತಿದ್ದ ಮುದುಕನೊಬ್ಬ ಸರಿದು ಜಾಗ ಕೊಟ್ಟ. ಅಣ್ಣ ಕೂತ. ಪುಟ್ಟಿ ಪೆನ್ನು ತೆಗೆದುಕೊಂಡಳು. ಸರಿಯಾಗಿ ಕೂಡಿಕೊಳ್ಳದ ಮಣಿಕಟ್ಟಿನಿಂದ ಅವಳ ಬರವಣಿಗೆ ನಿಧಾನ, ಅಕ್ಷರಗಳು ಒಂದೊಂದಾಗಿ ಮೇಲಕ್ಕೆ ಹೋಗುತ್ತಿದ್ದವು. ಸೀಟಿನವನು ಪಕ್ಕದಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತನ್ನ ಸರದಿ ಬರುವುದೋ ಇಲ್ಲವೋ ಎಂಬಂತೆ ನಿಂತಿದ್ದ.

"ಏನಾಯ್ತಪ್ಪ ಕೈಗೆ?" ಎಂದು ಮುದುಕ ವಿಚಾರಿಸುವುದು ಕೇಳಿಸಿತು.

"ಬಿದ್ದೆ," ಎಂದ ಅಣ್ಣ.

ಪುಟ್ಟಿಯ ಪೆನ್ನು ನಿಂತಿತು. ಆ ಒಂದು ಮಾತನ್ನು ಅವಳು ಎಷ್ಟು ಡಾಕ್ಟರುಗಳಿಗೆ, ಎಷ್ಟು ನೆರೆಮನೆಯವರಿಗೆ, ಎಷ್ಟು ವರ್ಷ ಹೇಳಿದ್ದಳೋ.

"ಬಿದ್ದಿದ್ದಲ್ಲ," ಎಂದಳು, ಪುಸ್ತಕದಿಂದ ಕಣ್ಣೆತ್ತದೆ. ಕಚೇರಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು. "ಸುತ್ತಿಗೆ ತಗೊಂಡು ಅವನೇ ಹೊಡ್ಕೊಂಡ."

ಬೆಂಚಿನ ಮೇಲೆ ಅಣ್ಣ ತಲೆ ಬಗ್ಗಿಸಿದ್ದ. "ಹೌದು," ಎಂದ ಬಹಳ ಮೆಲ್ಲಗೆ, ಮುದುಕನಿಗೆ.

ಗುಮಾಸ್ತೆ ಅವರ ಮುಖ ಇವರ ಮುಖ ನೋಡಿ, ಪೆನ್ಸಿಲಿನಿಂದ ಹಾಳೆಯ ಕೆಳಗೆ ತಟ್ಟಿದಳು. "ಇಲ್ಲೂ ಒಂದು ಹಾಕಿ ಅಮ್ಮ."

ಪುಟ್ಟಿ ಅಲ್ಲೂ ಹಾಕಿದಳು. ಪೆನ್ನಿನ ಮುಚ್ಚಳ ಹಾಕದೆ, ಅದನ್ನು ಸೀಟಿನವನ ಕಡೆಗೆ ಮೇಜಿನ ಮೇಲೆ ಉರುಳಿಸಿದಳು.